ಕಲ್ಲಿಗೆ ಕಾವಲು

"ಇನ್ನೆರಡು ಪಟ್ಟೆ ಏರಿಸ್ತೀಯಾ? ಏರಿಸ್ಲಾ, ಏರಿಸು! ಆಮ್ಯಾಕೆ ನಿನ್ನ ಗಾಡೀಲಿ ಕುರಿ ನಿಂತ್ಕಂತಾವಾ? ಎಗರಿ ಎಗರಿ ಬಿದ್ದು ಕಾಲು ಮುರ್ಕಂತಾವೆ!"

"ಕುರಿ ಏರಿದ್ರೆ ತಾನೆ ಮುರ್ಕಳಾದು? ಇನ್ಮ್ಯಾಲೆ ಈ ಗಾಡೀಗೆ ಕುರಿ ಇಲ್ಲ. ಕಲ್ಲು. ಹಿಂದ್ಗಡೆ ಟ್ರೈಲರು, ಅದ್ರಾಗೂ ಕಲ್ಲು. ತಿಳೀತಾ ಅಕ್ಕ?"

ಅದಿಯಮಾನ್‌ಕೋಟೆಯ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಅಕ್ಕ ತಮ್ಮ ಹೀಗೆ ಕೂಗಾಡುತ್ತಿದ್ದರೆ, ಪಟ್ಟೆ ಕಟ್ಟುವ ನಾಗರಾಜನ್ ಸುತ್ತಿಗೆ ಹಿಡಿದು ನಿಂತೇ ಇದ್ದ. ತಮಿಳಿನವನಾದ ಅವನಿಗೆ ಕನ್ನಡ ಅರ್ಧ ತಿಳಿಯುತ್ತಿತ್ತು. ಜಗಳಕ್ಕೆ ಅಷ್ಟು ಸಾಕು. ಪಿಕಪ್ ಗಾಡಿ ಜಾಕಿಯ ಮೇಲೆ ಹಿಂಗಾಲಿಲ್ಲದ ದನದಂತೆ ನಿಂತಿತ್ತು. ಅದರ ಹಿಂಭಾಗದ ಭಾರ ಹೊರುವ ಕಬ್ಬಿಣದ ಪಟ್ಟೆಗಳನ್ನು ಬಿಚ್ಚಿ, ದೊಡ್ಡದರಿಂದ ಚಿಕ್ಕದಕ್ಕೆ ನೆಲದ ಮೇಲೆ ಸಾಲಾಗಿ ಇಟ್ಟಿದ್ದ. ಪಟ್ಟೆ ಹೆಚ್ಚಿದಷ್ಟೂ ಹಗುರ ಹೊರೆಗೆ ಗಾಡಿ ಎಗರುತ್ತದೆ.

ಚೆಲ್ಲಮ್ಮ ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳಲ್ಲ, ತಮ್ಮನ ಗಾಡಿಗೆ ಬಂದವಳು. ತಮ್ಮ ಮಾದಪ್ಪನ ಬಾಯಿಗೆ ಹೆದರಿ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ನಂಗವಳ್ಳಿ ಸುತ್ತಿನ ಹಟ್ಟಿಗಳಲ್ಲಿ ಕುರಿ ಆರಿಸುವವಳು ಅವಳೇ, ಹತ್ತಿಸುವವಳು ಅವಳೇ. ಸಂತೆಗೆ ಹೋಗುವಾಗ ಹಿಂದೆ ಕುರಿಗಳ ನಡುವೆ ಕೂರುತ್ತಿದ್ದಳು. ಬಿದ್ದ ಕುರಿಯನ್ನು ಆಗಲೇ ಎತ್ತಿ ನಿಲ್ಲಿಸದಿದ್ದರೆ ಉಳಿದವು ತುಳಿದು ಸಾಯಿಸುತ್ತವೆ. ಅವಳು ಕ್ಯಾಬಿನ್ನಿನ ತಗಡಿಗೆ ಒಂದು ಸಲ ಬಡಿದರೆ ನಿಧಾನ ಎಂದರ್ಥ, ಎರಡು ಸಲ ಬಡಿದರೆ ನಿಲ್ಲಿಸು. ಬಡಿಯುತ್ತಲೇ ಇದ್ದರೆ ಟೀ ಅಂಗಡಿ ಬಂತು ಎಂದು. ಸಂತೆಯ ತಮಿಳಿನ ಗದ್ದಲದಿಂದ ಬಂದ ಮಾದಪ್ಪನಿಗೆ ಆ ಟೀ ಹೊತ್ತಿನಲ್ಲಿ ಅವಳೊಡನೆ ನಾಲ್ಕು ಮಾತು ಕನ್ನಡ ಆಡಿದರೆ ಊಟ ಮಾಡಿದ ಹಾಗಾಗುತ್ತಿತ್ತು.

ಹೋದ ತಿಂಗಳು ತೊಪ್ಪೂರು ಘಾಟಿಯ ತಿರುವಿನಲ್ಲಿ ಪಟ್ಟೆ ಲಟಕ್ಕೆಂದು ಮುರಿಯಿತು. ಗಾಡಿ ಒಂದು ಬದಿಗೆ ವಾಲಿತು. ಮಾದಪ್ಪ ಇಳಿದು ಓಡಿ, ಕುರಿಗಳ ಕಾಲು ಹಿಡಿದು ಎಳೆದೆಳೆದು ಹಾಕಿದ. ಎಲ್ಲದರ ಅಡಿಯಲ್ಲಿ ಅಕ್ಕ ಇದ್ದಳು. ಎದ್ದವಳು ಮೊದಲು ಕೇಳಿದ್ದು, "ಮರಿ ಉಳ್ದೈತಾ?" ಎಂದು. ಅವಳಿಗೆ ಅದು ಅಲ್ಲಿಗೇ ಮುಗಿಯಿತು. ಅವನಿಗೆ ಮುಗಿಯಲಿಲ್ಲ. ಕಲ್ಲು ಹೇರಿದರೆ ಹಿಂದೆ ಯಾರೂ ಕೂರಬೇಕಿಲ್ಲ ಎಂದು ಅಂದೇ ತೀರ್ಮಾನಿಸಿದ. ಹೆದರಿದ್ದೇನೆ ಎಂದು ಹೇಳಿದ್ದರೆ ಆಗುತ್ತಿತ್ತು. ಅವನ ಬಾಯಲ್ಲಿ ಹೆದರಿಕೆಯೂ ಸಿಟ್ಟಾಗಿಯೇ ಹೊರಬರುತ್ತಿತ್ತು.

ಚೆಲ್ಲಮ್ಮ ದನಿ ಇಳಿಸಿದಳು. "ಸರಿ ಕಣ್ಲಾ ಮಾದ. ಕಲ್ಲು ಹೇರು. ನಾನೆಲ್ಲಿ ಕುಂತ್ಕಳ್ಳಿ?"

"ಮನ್ಯಾಗೆ ಕುಂತ್ಕ."

"ಮನ್ಯಾಗೆ ಯಾರವ್ರೆ? ಮುಂದ್ಗಡೆ ಕುಂತು ಬತ್ತೀನಿ."

"ಬಂದು ಏನ್ ಕಿಸೀತೀಯಾ? ಕಲ್ಲು ಬಿದ್ರೆ ಎತ್ತಿ ನಿಲ್ಲಿಸ್ತೀಯಾ? ಕಲ್ಲಿಗೆ ಕಾವಲು ಬ್ಯಾಡ. ನೀನೂ ಬ್ಯಾಡ!"

ನಾಗರಾಜನ್ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಚೆಲ್ಲಮ್ಮ ತಮ್ಮನ ಮುಖವನ್ನೊಮ್ಮೆ ನೋಡಿದಳು, ಕುರಿಯ ಹಲ್ಲು ನೋಡುವ ಹಾಗೆ. ಸೀಟಿನ ಹಿಂದಿನಿಂದ ತನ್ನ ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡಳು, ಕೋಲು ತೆಗೆದುಕೊಂಡಳು, ರಸ್ತೆಗೆ ಇಳಿದಳು. ಟೀ ಕುಡಿಯಲು ಹೋದಳು ಎಂದುಕೊಂಡ ಮಾದಪ್ಪ. ಟೀಗೆ ಕಂಬಳಿ ಯಾಕೆ ಎಂದು ಯೋಚಿಸುವ ಬುದ್ಧಿ ಸಿಟ್ಟಿನವನಿಗೆ ಎಲ್ಲಿಂದ ಬರಬೇಕು?

"ಅಣ್ಣೇ, ಪೋಡಟ್ಟುಮಾ?" ಹಾಕಲಾ ಎಂದು ಕೇಳಿದ ನಾಗರಾಜನ್.

"ಪೋಡು," ಎಂದ ಮಾದಪ್ಪ.

ಎರಡು ಹೊಸ ಪಟ್ಟೆ ಸೇರಿತು, ಬೋಲ್ಟು ಬಿಗಿಯಿತು, ಟ್ರೈಲರಿನ ಕೊಂಡಿಯೂ ಕೂತಿತು. ಜಾಕಿ ಇಳಿಸಿದಾಗ ಗಾಡಿ ಮಿಡತೆಯಂತೆ ಹಿಂಭಾಗ ಎತ್ತಿಕೊಂಡು ನಿಂತಿತು. ಭಾರ ಬಿದ್ದರೆ ಸರಿಹೋಗುತ್ತದೆ ಎಂದ ನಾಗರಾಜನ್. ತಾನು ಒಂದು ಸುತ್ತು ಓಡಿಸುತ್ತೇನೆ, ಹಿಂದೆ ಯಾರಾದರೂ ಕೂತು ಏನಾದರೂ ತಾಗುವ ಸದ್ದು ಬರುತ್ತದಾ ಕೇಳಬೇಕು, ಅಕ್ಕ ಎಲ್ಲಿ ಎಂದ. ಮಾದಪ್ಪ ತಾನೇ ಹಿಂದೆ ಹತ್ತಿದ.

ಕ್ಯಾಬಿನ್ನಿಗೆ ಒರಗಿದ ಮೂಲೆಯಲ್ಲಿ ತಗಡು ಒಂದು ಕಡೆ ನುಣುಪಾಗಿ ಹೊಳೆಯುತ್ತಿತ್ತು. ಅಕ್ಕನ ಕೈ ಬಿದ್ದು ಬಿದ್ದು ಆದದ್ದು. ಇಷ್ಟು ವರ್ಷದಲ್ಲಿ ಅವನು ಆ ಜಾಗದಲ್ಲಿ ಒಂದು ದಿನವೂ ಕೂತಿರಲಿಲ್ಲ. ಗಾಡಿ ರಸ್ತೆಗೆ ಹತ್ತಿತು. ಸಣ್ಣ ಗುಂಡಿಗೇ ಅವನನ್ನು ಎತ್ತಿ ಒಗೆಯಿತು. ಒಣಗಿದ ಹಿಕ್ಕೆ ಮುಖಕ್ಕೆ ಹಾರಿತು.

ಟೀ ಅಂಗಡಿಯ ಬೆಂಚು ಖಾಲಿ ಇತ್ತು.

ಅದರಾಚೆ ಬಸ್ಸು ನಿಂತಿತ್ತು. ಮೊದಲು ಕೋಲು ಹತ್ತಿತು, ಆಮೇಲೆ ಕಂಬಳಿ, ಆಮೇಲೆ ಅಕ್ಕ. ಮಾದಪ್ಪ ತಗಡಿಗೆ ಎರಡು ಸಲ ಬಡಿದ. ನಾಗರಾಜನ್‌ಗೆ ಆ ಭಾಷೆ ಗೊತ್ತಿರಲಿಲ್ಲ. ಗಿರಾಕಿಗೆ ಖುಷಿಯಾಗಿದೆ ಎಂದುಕೊಂಡು ಕಿಟಕಿಯಿಂದ ಕೈ ಬೀಸಿ, ಇನ್ನಷ್ಟು ಜೋರಾಗಿ ಓಡಿಸಿದ. ಗಾಡಿ ಬಸ್ಸನ್ನು ದಾಟಿಯೇ ಹೋಯಿತು.

"ನಿಲ್ಸೋ! ಅಕ್ಕ ಅವ್ಳೆ ಕಣೋ!" ಎಂದು ಮಾದಪ್ಪ ಕನ್ನಡದಲ್ಲೇ ಕೂಗಿದ. ಬಡಿದ, ಬಡಿಯುತ್ತಲೇ ಇದ್ದ. ನಾಗರಾಜನ್ ಗಾಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಬಸ್ಸು ಇರಲಿಲ್ಲ.

ಮಾದಪ್ಪ ರಾತ್ರಿ ಮನೆಗೆ ಹೋಗಿ ನೋಡಿದ. ಚೆಲ್ಲಮ್ಮ ಅಲ್ಲಿಗೆ ಹೋಗಿರಲಿಲ್ಲ. ಆಮೇಲೂ ಬರಲಿಲ್ಲ.