ಧನಲಕ್ಷ್ಮಿಯ ರಕ್ತ

ರಕ್ತ ಪರೀಕ್ಷೆಯ ಹುಡುಗಿ ಶರ್ವಾಣಿಯ ಮಾತು ಇನ್ನೂ ಬಾಯಲ್ಲೇ ಇತ್ತು, ಅಷ್ಟರಲ್ಲಿ ಮುನಿರಾಜುವಿನ ಕೈ ಹೆಂಡತಿಯ ಕೆನ್ನೆಗೆ ಬಿತ್ತು. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ದಿನವಿಡೀ ಈರುಳ್ಳಿ ಮೂಟೆ ಎತ್ತಿ ಟೆಂಪೋಗೆ ತುಂಬುವ ಕೈ ಅದು. ಹೆತ್ತು ಮೂರು ದಿನವಾಗಿದ್ದ ಧನಲಕ್ಷ್ಮಿ ಗೋಡೆಗೆ ಬಡಿದು ಅಲ್ಲೇ ಕುಸಿದಳು. ತುಟಿ ಒಡೆದು ನೈಟಿಯ ಮೇಲೆಲ್ಲ ರಕ್ತ. ನವಜಾತ ಶಿಶುಗಳ ಐಸಿಯು ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರೇ ಹೊರತು ಒಬ್ಬರೂ ಮುಂದೆ ಬರಲಿಲ್ಲ.

"ಒಂದನ್ನ ನುಂಗಿದ್ದು ಸಾಲ್ದೇನೇ? ಇದನ್ನೂ ನುಂಗ್ತೀಯಾ, ಹಾಳಾದೋಳೆ?" ಮುನಿರಾಜು ಕಾಲೆತ್ತಿದ.

ಅವನ ತಾಯಿ ಮಾರಕ್ಕ ಮಗನನ್ನು ತಡೆಯುವ ಬದಲು ಸೊಸೆಯ ಜುಟ್ಟಿಗೇ ಕೈ ಹಾಕಿದಳು. "ಮೊದಲ್ನೇ ಮಗೀನ್ ಮ್ಯಾಲೆ ಒರಳಿ ಸಾಯ್ಸುದ್ಲು. ಈಗ ನೋಡುದ್ರೆ ರಕ್ತದಾಗೇ ಇಸ ಮಡಿಕ್ಕಂಡವ್ಳೆ! ಇಂಥ ಎಣ್ಣೂ ಐತಾ ಲೋಕ್ದಾಗೆ?"

ವಿಷ ಎಂಬ ಮಾತನ್ನು ಶರ್ವಾಣಿ ಆಡಿರಲೇ ಇಲ್ಲ. ಆದರೆ ಆಡಿದ್ದೇನು ಕಡಿಮೆಯೇ? ಆ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳ ಪ್ಲೇಟ್ಲೆಟ್ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಅದಕ್ಕೆ ರಕ್ತ ತೆಗೆಯುವವಳೂ ಎಣಿಸುವವಳೂ ಅವಳೇ. ಪ್ಲೇಟ್ಲೆಟ್ ಅಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡೆಂಗ್ಯೂ ಕೃಪೆಯಿಂದ ಬೆಂಗಳೂರಿಗೆ ಬೆಂಗಳೂರೇ ಅದನ್ನು ಬಲ್ಲದು. ಮಾರಕ್ಕನಂತೂ ಪಪ್ಪಾಯಿ ಎಲೆಯ ರಸ ತಂದು, ಮೂರು ದಿನದ ಕೂಸಿನ ಬಾಯಿಗೆ ಬಿಡಿ ಎಂದು ಬೆಳಿಗ್ಗೆ ನರ್ಸಿನ ಜೊತೆ ಜಗಳವಾಡಿದ್ದಳು. ಕೂಸಿನ ಮೈತುಂಬ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆ. ಒಂದೂವರೆ ಲಕ್ಷ ಇರಬೇಕಾದ ಪ್ಲೇಟ್ಲೆಟ್ ಬರೀ ಒಂಬತ್ತು ಸಾವಿರ. ಹೊರಗಿನವರದ್ದನ್ನು ಎರಡು ಸಲ ಕೊಟ್ಟರೂ ಸಂಜೆಯೊಳಗೆ ಮಾಯ.

ಮೊದಲ ದಿನ ಫಾರಂ ತುಂಬಿಸುವಾಗ "ಇದಕ್ಕೆ ಮುಂಚೆ ಮಕ್ಕಳು?" ಎಂದು ಶರ್ವಾಣಿ ಕೇಳಿದ್ದಳು. "ಒಂದಿತ್ತು ಮೇಡಂ. ಮೂರು ವರ್ಷ ಆಯ್ತು. ಮನೇಲಿ, ನಾಲ್ಕನೇ ದಿನ ಹೋಯ್ತು, ಮೈಯೆಲ್ಲಾ ನೀಲಿಗಟ್ಟಿ. ನಿದ್ದೇಲಿ ನಾನೇ ಮೇಲೆ ಹೊರಳಿದೆ ಅಂತಾರೆ" ಎಂದಿದ್ದಳು ಧನಲಕ್ಷ್ಮಿ. ಅಂತಾರೆ ಎಂದಳೇ ಹೊರತು, ಇಲ್ಲ ಎನ್ನಲಿಲ್ಲ.

ಅದನ್ನು ಕೇಳಿದ ಮೇಲೆಯೇ ಶರ್ವಾಣಿ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಹಾಕಿದ್ದು. ಇವತ್ತು ಮಧ್ಯಾಹ್ನ ಫಲಿತಾಂಶ ಬಂತು. ಇಂಥದ್ದು ಬಂದರೆ ಮೊದಲು ರಘುನಾಥ್ ಡಾಕ್ಟರಿಗೆ ಕೊಡಬೇಕು. ಅವರು ತಾಯಿಯೊಬ್ಬಳನ್ನೇ ಒಳಗೆ ಕೂರಿಸಿ, ಬಾಗಿಲು ಹಾಕಿ ಹೇಳುತ್ತಾರೆ. ಅದು ಅಲ್ಲಿಯ ಪದ್ಧತಿ. ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಕಾಯುವ ತಾಳ್ಮೆ ಈ ಹುಡುಗಿಗೆ ಎಲ್ಲಿಂದ ಬರಬೇಕು? ಎರಡು ವರ್ಷದಲ್ಲಿ ಮುನ್ನೂರು ಮಕ್ಕಳ ಹಿಮ್ಮಡಿ ಚುಚ್ಚಿದ್ದಳು, ಇಂಥದ್ದೊಂದೂ ಸಿಕ್ಕಿರಲಿಲ್ಲ. ಜೊತೆಗೆ, ಪಾಪದವಳ ತಲೆಮೇಲಿನ ಅಪವಾದ ಇಳಿಸುತ್ತೇನೆಂಬ ಹುಮ್ಮಸ್ಸು ಬೇರೆ. ಕಾಗದ ಹಿಡಿದು ಮೆಟ್ಟಿಲಿಳಿದು ಓಡಿ ಬಂದವಳು ಗಂಡ, ಅತ್ತೆ, ಕಾರಿಡಾರಿನ ಜನರೆಲ್ಲರ ಎದುರಿಗೆ, "ಧನಲಕ್ಷ್ಮಿಯವರ ರಕ್ತದಲ್ಲಿರೋದೇ ಮಗು ಪ್ಲೇಟ್ಲೆಟ್‌ನ ಹೊಡೆದು ಹಾಕ್ತಿದೆ. ಮೊದಲ್ನೇ ಮಗೂಗೂ ಇದೇ ಆಗಿರೋದು" ಎಂದುಬಿಟ್ಟಳು. ಮುಂದೆ, ಇದರಲ್ಲಿ ಅವರ ತಪ್ಪೇನೂ ಇಲ್ಲ ಎಂದು ಹೇಳುವವಳಿದ್ದಳು. ಅದಕ್ಕೆ ಪುರುಸೊತ್ತು ಕೊಟ್ಟವರು ಯಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಅವಳು ನಡುವೆ ನುಗ್ಗಿದಳು. ಧನಲಕ್ಷ್ಮಿಗೆ ಬೀಳಬೇಕಿದ್ದ ಒದೆ ಅವಳ ಮೊಣಕಾಲಿಗೆ ಬಿತ್ತು. "ಅಯ್ಯೋ, ನಿಲ್ಸ್ರೀ! ಪೂರ್ತಿ ಕೇಳ್ರೀ!" ಎಂದು ಕಿರುಚಿದಳು. ಕೇಳುವ ಕಿವಿ ಅಲ್ಲಿ ಇರಲಿಲ್ಲ. ಸೆಕ್ಯುರಿಟಿಯ ಅಬ್ರಾರ್ ಓಡಿ ಬಂದು ಮುನಿರಾಜುವನ್ನು ಹಿಂದಿನಿಂದ ತಬ್ಬಿ ಹಿಡಿದ. ಮುನಿರಾಜು ಅವನನ್ನು ಮೂಟೆಯಂತೆ ಎತ್ತಿ ಒಗೆದ. ನರ್ಸಿನ ಕೌಂಟರಿನ ಗಾಜು ಪುಡಿಯಾಯಿತು, ಅಬ್ರಾರನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅಷ್ಟಕ್ಕೂ ತೃಪ್ತಿಯಾಗದೆ ಮುನಿರಾಜು ಸ್ಟೀಲ್ ಕುರ್ಚಿ ಎತ್ತಿಕೊಂಡ. ಎತ್ತಿದ ಕುರ್ಚಿಯನ್ನು ಯಾರ ಮೇಲೆ ಹಾಕಬೇಕೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

ಐಸಿಯು ಬಾಗಿಲು ತೆರೆಯಿತು. ಒಳಗೆ ಯಂತ್ರವೊಂದು ಕೂಗಿಕೊಳ್ಳುತ್ತಿತ್ತು. ಆಗ ತಾನೇ ಹೆರಿಗೆ ಕೋಣೆಯಿಂದ ಒಳಬಾಗಿಲಲ್ಲಿ ಬಂದಿದ್ದ ರಘುನಾಥ್ ಡಾಕ್ಟರ್ ಗ್ಲೌಸ್ ಹಾಕಿದ ಕೈಯಲ್ಲೇ ಹೊರಗೆ ನಿಂತರು.

"ಏನ್ರೀ ಇದು, ಆಸ್ಪತ್ರೆನಾ, ಮಂಡೀನಾ? ಮಗು ಮೂಗಲ್ಲಿ ರಕ್ತ ಬರ್ತಿದೆ. ಸ್ಕ್ಯಾನಲ್ಲಿ ತಲೆಯೊಳಗೆ ಇನ್ನೂ ರಕ್ತ ಸೋರಿಲ್ಲ. ಅಲ್ಲಿ ಶುರುವಾದ್ರೆ ನನ್ನ ಕೈಲೂ ಆಗಲ್ಲ. ಪ್ಲೇಟ್ಲೆಟ್ ಬೇಕು, ಈಗ್ಲೇ."

ಮುನಿರಾಜು ಕುರ್ಚಿ ಬಿಟ್ಟ. ಅಂಗಿಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿದ. "ನಂದ್ ತಗೊಳ್ಳಿ ಸಾರ್. ಎಷ್ಟ್ ಬೇಕೋ ಹಿಂಡ್ಕೊಳ್ಳಿ. ಗಂಡು ಮಗ ಸಾರ್, ನನ್ ತರಾನೇ ಅವ್ನೆ."

"ನಿಮ್ದು ಆಗಲ್ಲ" ಎಂದಳು ಶರ್ವಾಣಿ. "ನಿಮ್ ತರ ಇರೋದೇ ತೊಂದ್ರೆ. ಮಗು ಪ್ಲೇಟ್ಲೆಟ್ ನಿಮ್ಮನ್ನ ಹೋಲುತ್ತೆ. ಅಮ್ಮನ ಮೈಗೆ ಅದು ಹೊರಗಿಂದು, ಹೊಟ್ಟೇಲಿದ್ದಾಗ ಅಮ್ಮನ ರಕ್ತದಿಂದ ಮಗೂಗೆ ಇಳಿದದ್ದು ಇನ್ನೂ ಅದನ್ನ ಹೊಡೀತಿದೆ. ನಿಮ್ದು ಕೊಟ್ರೆ ಅದೂ ನಾಶ. ಈಗ ಮಗು ಮೈಯಲ್ಲಿ ಉಳಿಯೋದು ಧನಲಕ್ಷ್ಮಿಯವರದ್ದು ಮಾತ್ರ. ಹೊಡೆಯೋ ಅಂಶ ಇರೋದು ಇವರ ರಕ್ತದ ನೀರಲ್ಲಿ. ಅದನ್ನ ತೊಳೆದು ತೆಗೆದು, ಇವರ ಪ್ಲೇಟ್ಲೆಟ್ ಕೊಡ್ತೀವಿ."

ಮಾರಕ್ಕನ ಕೈಯಿಂದ ಸೊಸೆಯ ಕೂದಲು ಜಾರಿತು. "ಅಂಗಂದ್ರೆ? ತಪ್ಪು ನನ್ ಮಗಂದಾ?"

"ಯಾರದ್ದೂ ಅಲ್ಲ ಅಜ್ಜಿ."

ತಪ್ಪು ಯಾರದ್ದೂ ಅಲ್ಲ ಎಂದರೆ ನಂಬುವುದು ಎಷ್ಟು ಕಷ್ಟ! ಮೂರು ವರ್ಷ ಬೈದ ಬಾಯಿ ಈಗ ಎಲ್ಲಿ ಹೋಗಬೇಕು? ಮಾರಕ್ಕ ಡಾಕ್ಟರ ಮುಖ ನೋಡಿದಳು. ಅವರು ಶರ್ವಾಣಿಯ ಕಾಗದದ ಮೇಲೆ ಕಣ್ಣಾಡಿಸಿ ಹೌದೆಂದು ತಲೆಯಾಡಿಸಿದರು. ಪೊಲೀಸರಿಗೆ ಫೋನ್ ಮಾಡಲೇ ಎಂದು ಅಬ್ರಾರ್ ಹುಬ್ಬು ಒತ್ತಿಕೊಂಡು ಕೇಳಿದ. "ಮಾಡು" ಎಂದರು.

ಈಗ ಎಲ್ಲರ ಕಣ್ಣೂ ಧನಲಕ್ಷ್ಮಿಯ ಮೇಲೆ. ಒಲ್ಲೆ ಎಂದಿದ್ದರೆ ಯಾಕೆಂದು ಕೇಳುವ ಬಾಯಿ ಯಾರಿಗಿತ್ತು? ಅವಳು ಗೋಡೆ ಹಿಡಿದು ಎದ್ದಳು. ಆಸರೆಗೆ ಮುನಿರಾಜು ಕೈ ಚಾಚಿದ.

"ಮುಟ್ಬೇಡ" ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಎಲ್ಲಿಗ್ ಬರ್ಬೇಕು ಸಾರ್?" ಎಂದು ಕೇಳಿದಳು.

ರಕ್ತನಿಧಿ ಕೆಳಗಿನ ಮಹಡಿಯಲ್ಲಿತ್ತು. ಧನಲಕ್ಷ್ಮಿಯ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಇನ್ನೊಂದು ಕೈಗೆ ಮರಳುತ್ತಿತ್ತು. ಪ್ಲೇಟ್ಲೆಟ್ ಮಾತ್ರ ತೆಳು ಹಳದಿಯಾಗಿ ಚೀಲಕ್ಕೆ ಇಳಿಯುತ್ತಿತ್ತು. ಶರ್ವಾಣಿ ಪಕ್ಕದ ಸ್ಟೂಲಿನಲ್ಲಿ ಕೂತಳು. ಮೊಣಕಾಲು ಊದಿತ್ತು. "ನಂದೇ ತಪ್ಪು ಧನಲಕ್ಷ್ಮಿ. ಹಾಗೆ ಎಲ್ಲರೆದುರು ಹೇಳಬಾರದಿತ್ತು. ಹೊಡೆತ ತಿನ್ನಿಸಿಬಿಟ್ಟೆ" ಎಂದಳು.

ಧನಲಕ್ಷ್ಮಿ ಅವಳ ಕಡೆ ತಿರುಗಿದಳು. ಎಡಗಣ್ಣು ಬಾತು ಮುಚ್ಚಿಕೊಂಡಿತ್ತು.

"ಮೇಡಂ, ಅವತ್ತು ನಾನು ಹೊರಳಿರ್ಲಿಲ್ವಾ?"

"ಇಲ್ಲ."

"ನಿದ್ದೇಲಿ ಗೊತ್ತಾಗದೇನೂ?"

"ಇಲ್ಲ ಧನಲಕ್ಷ್ಮಿ. ನೀವು ರಾತ್ರಿಯೆಲ್ಲಾ ಎದ್ದು ಕೂತಿದ್ರೂ ಆ ಮಗು ಉಳೀತಿರ್ಲಿಲ್ಲ. ಅದರ ತಲೆಯೊಳಗೆ ರಕ್ತ ಸೋರಿತ್ತು."

ಗಾಜಿನ ಬಾಗಿಲಾಚೆ ಮಾರಕ್ಕ ನಿಂತಿದ್ದಳು. ಅವಳ ಹಿಂದೆ ಮುನಿರಾಜು, ಅವನ ಅಕ್ಕಪಕ್ಕ ಇಬ್ಬರು ಪೊಲೀಸರು.

"ಆ ಬಾಗಿಲು ತೆಗೀರಿ" ಎಂದಳು ಧನಲಕ್ಷ್ಮಿ. "ತೆಗೆದು ಹೇಳಿ. ಜೋರಾಗಿ."

ಶರ್ವಾಣಿ ಕುಂಟುತ್ತಾ ಹೋಗಿ ಬಾಗಿಲು ತೆರೆದಳು. ಧನಲಕ್ಷ್ಮಿ ಹೊರಳಿರಲಿಲ್ಲ, ಮಗುವನ್ನು ಸಾಯಿಸಿರಲಿಲ್ಲ ಎಂದು ಇಡೀ ಮಹಡಿಗೆ ಕೇಳುವಂತೆ ಹೇಳಿದಳು. ಮಾರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇನ್ನೊಂದ್ ಸಲ" ಎಂದಳು ಧನಲಕ್ಷ್ಮಿ. ತುಟಿಯ ಗಾಯ ಮತ್ತೆ ಬಿಚ್ಚಿ ರಕ್ತ ಗದ್ದಕ್ಕಿಳಿಯುತ್ತಿತ್ತು. ಎರಡೂ ಕೈಗೆ ಸೂಜಿ ಇತ್ತು, ಒರೆಸಿಕೊಳ್ಳುವಂತಿರಲಿಲ್ಲ.