ಟೈಲರಣ್ಣನ ಎದೆಯ ಹೊಲಿಗೆ

ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದ ಟೈಲರಣ್ಣ ಮಾಡಿದ ಮೊದಲ ಕೆಲಸ ಕುರ್ಚಿಯಲ್ಲಿ ಕೂತದ್ದು. ಎರಡನೆಯ ಕೆಲಸ, ಅಲ್ಲಿಂದ ಏಳದೇ ಇದ್ದದ್ದು. ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಗಿತ್ತು.

ಅವನ ಭಯಕ್ಕೆ ಕಾರಣವೂ ಇತ್ತು. ಹೊಲಿಗೆ ಎಲ್ಲೆಲ್ಲಿ ಬಿಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೈ ಎತ್ತಿದರೆ ಕಂಕುಳಲ್ಲಿ ಬಿಡುತ್ತದೆ, ಬಗ್ಗಿದರೆ ಹಿಂದುಗಡೆ ಬಿಡುತ್ತದೆ, ಹೊಟ್ಟೆತುಂಬ ಉಂಡರೆ ಗುಂಡಿಯೇ ಹಾರುತ್ತದೆ. ಈಗ ತನ್ನ ಎದೆಗೇ ಹೊಲಿಗೆ ಬಿದ್ದಿದೆ, ಅದೂ ಇನ್ನೊಬ್ಬರ ಕೈಯದು. ಬೇರೆಯವರ ಹೊಲಿಗೆಯನ್ನು ಅವನು ಜನ್ಮದಲ್ಲಿ ನಂಬಿದವನಲ್ಲ.

"ಸೀನು ಬಂದ್ರೂ ತಡ್ಕೋತೀರಲ್ರೀ," ಎಂದಳು ಹೆಂಡತಿ.

"ಯಾವ ದಾರ ಹಾಕಿದ್ದೀರಿ ಅಂತ ಡಾಕ್ಟ್ರನ್ನ ಕೇಳ್ದೆ ಕಣೇ. ನಕ್ಕು ಹೊರಟುಹೋದ್ರು. ಹೇಗೆ ನಂಬ್ಲಿ?"

ಹೆಂಡತಿಗೂ ಒಳಗೊಳಗೇ ಅದೇ ಹೆದರಿಕೆ. ಹಾಗಾಗಿ ನೀರಿನ ಲೋಟವನ್ನೂ ಬಾಯಿಯ ಹತ್ತಿರಕ್ಕೇ ತಂದು ಹಿಡಿಯುತ್ತಿದ್ದಳು. ಟಿವಿ ಹಾಕಿದರೆ ಹಾಸ್ಯದ ಕಾರ್ಯಕ್ರಮ ಬಾರದ ಹಾಗೆ ನೋಡಿಕೊಳ್ಳುತ್ತಿದ್ದಳು, ನಕ್ಕು ಗಿಕ್ಕು ಏನಾದರೂ ಆದೀತು ಎಂದು.

ಹೀಗಿರುವಾಗ ಹಳೆಯ ಗಿರಾಕಿಯೊಬ್ಬ ಮನೆಗೇ ಕೋಟಿನ ಬಟ್ಟೆ ತಂದ. ಒಳ್ಳೆಯ ಬಟ್ಟೆ ಕಂಡರೆ ಟೈಲರಣ್ಣನ ಕೈ ಸುಮ್ಮನಿರುವುದಿಲ್ಲ. ಎದ್ದು ನಿಂತು ಮೇಜಿನ ಮೇಲೆ ಹರಡಿದ, ಚಾಕ್‌ಪೀಸಿನಲ್ಲಿ ಗೆರೆ ಎಳೆದ, ಕತ್ತರಿ ಹಿಡಿದ. ಒಂದು ತೋಳು ಕತ್ತರಿಸುವುದರೊಳಗೆ ಕಾಲು ಗಡಗಡ ನಡುಗಿ ಕುರ್ಚಿಗೆ ಕುಸಿದ.

"ಬಿಟ್ಕೊಂಡ್ತು ಕಣೇ, ಹೊಲಿಗೆ ಬಿಟ್ಕೊಂಡ್ತು," ಎಂದ.

ಹೆಂಡತಿ ಬಿದ್ದೆನೋ ಕೆಟ್ಟೆನೋ ಎಂದು ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿಯೇ ಇದೆ ಎಂದು ಹೇಳಿ, ವ್ಯಾಯಾಮ ಕಲಿಸುವ ಮೇಡಂ ಹತ್ತಿರ ಕಳಿಸಿದರು.

"ಇನ್ನು ನನ್ನ ಕೈಲಿ ಕತ್ತರಿ ಹಿಡಿಯೋಕಾಗಲ್ವೇನಮ್ಮ?" ಎಂದು ಟೈಲರಣ್ಣ ಮೇಡಂ ಹತ್ತಿರ ಕೇಳಿದ. ಸಾವಿಗಿಂತ ಹೆಚ್ಚಾಗಿ ಅವನು ಹೆದರಿದ್ದು ಇದಕ್ಕೇ. ನಿಂತು ಕತ್ತರಿಸಲಾಗದ ಟೈಲರಿಗೆ ಉಳಿಯುವುದು ಗುಂಡಿ ಹಚ್ಚುವ ಕೆಲಸ ಮಾತ್ರ.

"ಸೋತಿರೋದು ಹೃದಯ ಅಲ್ಲಣ್ಣ, ಕಾಲು. ಕೂತು ಕೂತು ಅದಕ್ಕೆ ನಿಲ್ಲೋದೇ ಮರೆತುಹೋಗಿದೆ. ಒಂದು ಮಾತು ಕೇಳ್ತೀನಿ, ಹೊಸ ಕೋಟನ್ನ ಮಡಚಿ ವರ್ಷಗಟ್ಟಲೆ ಪೆಟ್ಟಿಗೇಲಿ ಇಟ್ರೆ ಏನಾಗುತ್ತೆ?" ಎಂದರು ಮೇಡಂ.

"ಮಡಿಕೇಲೇ ಹರಿಯುತ್ತೆ," ಎಂದ ಟೈಲರಣ್ಣ. ಹೇಳಿದ ಮೇಲೆ ತಾನು ಸಿಕ್ಕಿಬಿದ್ದದ್ದು ತಿಳಿಯಿತು.

"ಹರಿದ ಬಟ್ಟೆ ತಾನಾಗಿ ಕೂಡ್ಕೊಳ್ಳಲ್ಲ, ಮೈ ಕೂಡ್ಕೊಳ್ಳುತ್ತೆ. ನಡೆದಷ್ಟೂ ಹೃದಯಕ್ಕೆ ಬಲ ಬರುತ್ತೆ. ಭಾರ ಎತ್ತೋದು, ತಳ್ಳೋದು ಮಾತ್ರ ಡಾಕ್ಟ್ರು ಹೇಳೋವರೆಗೂ ಬೇಡ."

"ಎಷ್ಟು ಜೋರಾಗಿ ನಡೀಬೇಕು?" ಎಂದು ಕೇಳಿದಳು ಹೆಂಡತಿ.

"ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅಷ್ಟು. ಗಂಡ ಹೆಂಡ್ತಿ ಜಗಳ ಆಡ್ಕೊಂಡು ನಡೀರಿ. ಎದುರುತ್ತರ ಕೊಡೋಕೆ ಉಸಿರು ಸಾಲದೆ ಹೋದ್ರೆ ನಿಧಾನ ಮಾಡಿ. ಎದೆನೋವು, ತಲೆಸುತ್ತು, ಉಸಿರು ಕಟ್ಟಿದ ಹಾಗೆ ಆದ್ರೆ ನಡಿಗೆ ನಿಲ್ಲಿಸಿ ಅಲ್ಲೇ ಕೂತ್ಕೊಳ್ಳಿ. ಕೂತ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ತಡ ಮಾಡ್ದೆ ಆಸ್ಪತ್ರೆಗೆ ಬನ್ನಿ."

"ಜಗಳ ನಮಗೇನೂ ಹೊಸದಲ್ಲ ಬಿಡಿ," ಎಂದಳು ಹೆಂಡತಿ.

ಮೊದಲ ದಿನ ಟೈಲರಣ್ಣ ಗೇಟಿನವರೆಗೆ ಹೋದ. ತಲೆ ತಗ್ಗಿಸಿ ಅವನು ಹೆಜ್ಜೆ ಇಡುತ್ತಿದ್ದ ಚೆಂದ ನೋಡಿ ಪಕ್ಕದ ಮನೆಯವರು, "ಏನ್ ಕಳ್ಕೊಂಡ್ರಿ ಟೈಲರಣ್ಣ? ನಾವೂ ಹುಡುಕ್ಲಾ?" ಎಂದು ಕೇಳಿದರು. ಗೇಟಿನಿಂದ ದೀಪದ ಕಂಬ, ಕಂಬದಿಂದ ಬೇಕರಿ, ಹೀಗೆ ದಾರಿ ಬೆಳೆಯಿತು. ಜಗಳವೂ ಬೆಳೆಯಿತು. ಮದುವೆಯಾದ ಹೊಸತರಲ್ಲಿ ಅರ್ಧಕ್ಕೆ ನಿಂತಿದ್ದ ವಾದಗಳೆಲ್ಲ ಮತ್ತೆ ಹೊರಬಂದವು. ಅವರ ಮನೆಯ ಒಳಗುಟ್ಟೆಲ್ಲ ಬೇಕರಿಯವನಿಗೆ ಬಾಯಿಪಾಠವಾಯಿತು.

ಒಂದು ಬೆಳಿಗ್ಗೆ ಏರುದಾರಿಯಲ್ಲಿ ಕ್ಷೌರದಂಗಡಿಯವನು ಬಿರಬಿರನೆ ಮುಂದೆ ಹೋದ. ಟೈಲರಣ್ಣನಿಗೆ ರೋಷ ಬಂತು, ಅವನೂ ಕಾಲು ಬೀಸಿದ. ಹೆಂಡತಿ ಹಿಂದಿನಿಂದ ಅಂದಳು, "ನಿಮಗಿಂತ ಆ ಎದುರಂಗಡಿ ಟೈಲರ್ ಹೊಲಿಗೇನೇ ನೀಟು ಬಿಡಿ."

ಉತ್ತರ ಬರಲಿಲ್ಲ. ಈ ಮಾತಿಗೆ ಸುಮ್ಮನಿರುವ ಗಂಡಸಲ್ಲ ಅದು. ಅವಳ ಜೀವ ಬಾಯಿಗೆ ಬಂತು. ಓಡಿಹೋಗಿ ರಟ್ಟೆ ಹಿಡಿದು ರಸ್ತೆ ಬದಿಯ ಕಟ್ಟೆಯ ಮೇಲೆ ಕೂರಿಸಿದಳು.

"ಎದೆ ನೋಯ್ತಿದ್ಯೇನ್ರೀ?"

ಇಲ್ಲ ಎಂದು ತಲೆಯಾಡಿಸಿದ. ಬರೀ ಏದುಸಿರು. ಸ್ವಲ್ಪ ಹೊತ್ತಿಗೆ ಅದೂ ಹತೋಟಿಗೆ ಬಂತು. ಆಗ ಬಂದ ಮೊದಲ ಮಾತು, "ಯಾವನದು ನೀಟು?"

ಹೆಂಡತಿ ನಗುತ್ತಾ ನಗುತ್ತಾ ಅತ್ತುಬಿಟ್ಟಳು. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಅಂದಿನಿಂದ ಟೈಲರಣ್ಣ ಪೈಪೋಟಿಗೆ ಬೀಳುವುದನ್ನು ಬಿಟ್ಟ, ನಡಿಗೆಯನ್ನು ಬಿಡಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಅಂಗಡಿ ಬಾಗಿಲು ತೆಗೆದ. ಒಂದು ತೋಳಿಗೇ ನಿಂತುಹೋಗಿದ್ದ ಆ ಕೋಟನ್ನು ನಿಂತೇ ಕತ್ತರಿಸಿ ಮುಗಿಸಿದ. ಎರಡು ಮೆಟ್ಟಿಲಿಗೇ ಮಂಡಿ ಹಿಡಿದುಕೊಳ್ಳುತ್ತಿದ್ದ ಹೆಂಡತಿ ಈಗ ಊಟದ ಡಬ್ಬಿ ಹಿಡಿದು ಅಂಗಡಿಗೆ ನಡೆದೇ ಬರುತ್ತಾಳೆ, ದಾರಿಯುದ್ದಕ್ಕೂ ಹೊಸ ತಕರಾರು ಯೋಚಿಸುತ್ತಾ.

ಅಕ್ಕಂದಿರೇ, ಅಣ್ಣಂದಿರೇ, ಹೃದಯದ ಕಾಯಿಲೆಯಿಂದ ಎದ್ದು ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ಪ್ರೀತಿಯಿಂದಲೇ ನೀವು ಅವರನ್ನು ಕುರ್ಚಿಗೆ ಕಟ್ಟಿಹಾಕಿರಬಹುದು. ಯಾವಾಗ ಶುರು ಮಾಡಬೇಕು, ಎಷ್ಟು ನಡೆಯಬೇಕು ಎಂದು ಅವರ ಡಾಕ್ಟರನ್ನು ಕೇಳಿ. ಮಾತ್ರೆ ತಪ್ಪಿಸಬೇಡಿ. ಉಂಡ ಕೂಡಲೇ ಬೇಡ, ಸುಡುಬಿಸಿಲಲ್ಲಿ ಬೇಡ, ಯಾರ ಜೊತೆಗೂ ಪೈಪೋಟಿ ಬೇಡ. ಆಮೇಲೆ ಅವರ ಕೈ ಹಿಡಿದು ಎಬ್ಬಿಸಿ, ಚಪ್ಪಲಿ ಮೆಟ್ಟಿಸಿ, ಜೊತೆಗೆ ನೀವೂ ಹೊರಡಿ. ಜಗಳಕ್ಕೆ ವಿಷಯ ದಾರಿಯಲ್ಲಿ ಸಿಗುತ್ತದೆ.