ಅಮ್ಮ ಕಂಡ ಎರಡನೆಯ ಚುಕ್ಕೆ

ಗಡಿಯಾರ ರಿಪೇರಿಯವರ ಮಗಳು ಕನ್ನಡಿ ತಿದ್ದುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದೊಳಗೆ ಅಂಗೈಯಗಲದ ತೆಳು ಕನ್ನಡಿಯೊಂದಿದೆ. ಅದರ ಬೆನ್ನಿಗೆ ನೂರಾರು ಪುಟ್ಟ ಕಡ್ಡಿಗಳು. ಗಾಳಿ ನಕ್ಷತ್ರದ ಬೆಳಕನ್ನು ಹೇಗೆ ಕದಡಿತೆಂದು ಸೆಕೆಂಡಿಗೆ ಸಾವಿರ ಸಲ ಅಳೆದು, ಕಡ್ಡಿಗಳು ಕನ್ನಡಿಯನ್ನು ಅದಕ್ಕೆ ತಕ್ಕಂತೆ ಬಾಗಿಸುತ್ತವೆ. ಮಿನುಗು ನಿಂತು ನಕ್ಷತ್ರ ಸೂಜಿಮೊನೆಯಾಗುತ್ತದೆ.

ಇದನ್ನು ಕೇಳಿದಾಗಲೆಲ್ಲ ಅಪ್ಪ ಫೋನಿನಲ್ಲಿ ಒಂದೇ ಮಾತಿಗೆ ಬರುತ್ತಿದ್ದರು. "ಹಾಗಾದ್ರೆ ಅಮ್ಮನ ನಕ್ಷತ್ರ ನೋಡಿ ಹೇಳೇ."

ಮದುವೆಯಾದ ಹೊಸತರಲ್ಲಿ, ತಾವೇ ಗಾಜು ಉಜ್ಜಿ ಮಾಡಿದ ದೂರದರ್ಶಕವನ್ನು ಮಹಡಿಯ ಮೇಲಿಟ್ಟು ಅಮ್ಮನಿಗೆ ಒಂದು ನಕ್ಷತ್ರ ತೋರಿಸಿದ್ದರು. ಗಾಳಿ ಒಂದು ಗಳಿಗೆ ಉಸಿರು ಹಿಡಿದಿರಬೇಕು. "ರೀ, ಇದು ಎರಡಿದೆ! ದೊಡ್ಡದರ ಎಡಕ್ಕೆ, ಚೂರು ಕೆಳಗೆ, ಮರಿ ಚುಕ್ಕೆ" ಎಂದಿದ್ದಳು ಅಮ್ಮ. ಅಪ್ಪ ಇಣುಕುವಷ್ಟರಲ್ಲಿ ಎಲ್ಲ ಕಲಸಿಹೋಗಿತ್ತು. "ನಿನ್ನ ಕಣ್ಣೇ ಎರಡೆರಡು ತೋರಿಸ್ತಿದೆ, ಮೊದ್ಲು ಕನ್ನಡಕ ಮಾಡಿಸ್ಕೋ" ಎಂದು ನಕ್ಕಿದ್ದರು. ಆಮೇಲೆ ಎಷ್ಟು ನೋಡಿದರೂ ಅದು ಒಂದೇ. ಅಮ್ಮ ಹೋಗಿ ಮೂರು ವರ್ಷ. ಅಪ್ಪನ ಕಣ್ಣೂ ಈಗ ಮಂಜು.

ಅಮ್ಮನ ಮೇಲಿನ ಪ್ರೀತಿಗೇ ಮಗಳು ಸಂಜೆ ಕನ್ನಡಿ ಹದಗೊಳಿಸಲು ಆ ನಕ್ಷತ್ರವನ್ನೇ ಆರಿಸಿಕೊಂಡಿದ್ದಳು. ನಕ್ಷತ್ರಗಳ ಪಟ್ಟಿಯಲ್ಲಿ ಅದು ಒಂಟಿ ಎಂದಿತ್ತು. ಚಿತ್ರ ಮಾತ್ರ ಒಂದು ಕಡೆಗೆ ಎಳೆದಂತೆ ಬರುತ್ತಿತ್ತು. ಕನ್ನಡಿಯದೇ ಡೊಂಕು ಎಂದುಕೊಂಡು ತಿದ್ದುಪಡಿ ಸೇರಿಸಿ ದುಂಡಗೆ ಮಾಡಿದಳು. "ಅಪ್ಪಾ, ಒಂದೇ" ಎಂದೂ ಹೇಳಿಬಿಟ್ಟಳು. ಅವರು ಹ್ಞೂಂ ಎಂದರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ.

ಮೊನ್ನೆ ಕ್ಯಾಮೆರಾ ನೋಡಿಕೊಳ್ಳುವವನು ಗೊಣಗಿದ. "ಏನಕ್ಕಾ ಇದು, ಬೇರೆ ನಕ್ಷತ್ರ ಎಲ್ಲಾ ಮೊಟ್ಟೆ ಥರ ಬರ್ತಿವೆ. ನಿನ್ನ ಮುದ್ದಿನ ಕೂಸೊಂದೇ ದುಂಡಗಿದೆ!"

ಅವಳು ಆ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಡೊಂಕು ಕನ್ನಡಿಯದಲ್ಲ, ಆ ನಕ್ಷತ್ರದ್ದೇ; ಅದನ್ನು ದುಂಡಗೆ ಮಾಡಲು ಹೋಗಿ ಕನ್ನಡಿಯನ್ನು ತಾನೇ ಡೊಂಕು ಮಾಡಿದ್ದಳು.

ಮರುದಿನ ಮುಸ್ಸಂಜೆ ತನ್ನ ತಿದ್ದುಪಡಿ ಅಳಿಸಿ, ಬೇರೊಂದು ನಕ್ಷತ್ರದ ಮೇಲೆ ಕನ್ನಡಿ ಹದಗೊಳಿಸಿ, ಆಮೇಲೆ ದೂರದರ್ಶಕವನ್ನು ಅಮ್ಮನ ನಕ್ಷತ್ರದತ್ತ ತಿರುಗಿಸಿದಳು. ಪರದೆಯ ಮೇಲೆ ಬೆಳಕು ನಡುಗಿತು, ತಿಳಿಯಾಯಿತು. ಅವಳು ಮನೆಗೆ ಫೋನು ಮಾಡಿದಳು.

"ಅಪ್ಪಾ, ಎರಡು."

ಆ ಕಡೆ ಗೋಡೆಗಡಿಯಾರಗಳ ಟಿಕ್ ಟಿಕ್ ನಡುವೆ ಅಪ್ಪ ಕೇಳಿದರು.

"ಎಡಕ್ಕಾ?"

"ಎಡಕ್ಕೇ. ಚೂರು ಕೆಳಗೆ."

"ನಾ ನಕ್ಕ ಮಾರನೇ ದಿನವೇ ನಿಮ್ಮಮ್ಮ ಹೋಗಿ ಕನ್ನಡಕ ಮಾಡಿಸ್ಕೊಂಡ್ ಬಂದ್ಲು ಕಣೇ. ಒಂದ್ಮಾತೂ ಎದುರಾಡ್ಲಿಲ್ಲ." ಎಂದರು ಅಪ್ಪ. "ಅವಳು ಹೇಳಿದ್ಲಲ್ಲ, ಹಾಗೇ ಹೇಳು."

"ದೊಡ್ಡದರ ಎಡಕ್ಕೆ, ಚೂರು ಕೆಳಗೆ, ಮರಿ ಚುಕ್ಕೆ."

ಅವರು ಇನ್ನೊಮ್ಮೆ ಹೇಳಿಸಿದರು.